ಕಾವೇರಿಯ ಬಿಳಿಮೀನು

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯು ಮೇಕೆದಾಟನ್ನು ತಲುಪುವ ಮುನ್ನ ಕಾಡುಗುಡ್ಡಗಳ ನಡುವೆ ಬಹುದೂರ ಹರಿಯುತ್ತಾಳೆ. ಬಂಡೆಗಳ ಸಂದಿಯಲ್ಲಿ ಭೋರ್ಗರೆಯುವ ಸೆಳವು, ಅದರ ಕೆಳಗೆ ಕಪ್ಪಾಗಿ ನಿಂತ ಮಡು, ದಡದಲ್ಲಿ ಬೃಹತ್ತಾದ ಹೊಳೆಮತ್ತಿಯ ಮರಗಳು. ಈ ಮಡುಗಳ ಮಹಶೀರ್ ಮೀನನ್ನು ಗಾಳದಿಂದ ಹಿಡಿಯುವುದಕ್ಕೆಂದೇ ಕಡಲು ದಾಟಿ ಬಂದವರುಂಟು.

ಬ್ರಿಟಿಷರಿಗೆ ತಮ್ಮ ನಾಡಿನ ಸಾಲ್ಮನ್ ಮೀನೇ ಗಾಳದ ಕ್ರೀಡೆಯ ಅರಸ. ಆದರೆ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್, 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಮಹಶೀರನ್ನು ಸಾಲ್ಮನ್‌ಗಿಂತ ಮಿಗಿಲೆಂದು ಎಣಿಸಿದನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗುವ ಮೀನನ್ನು ಹಿಡಿದರು. ಅದು ಬೆನ್ನು ಉಬ್ಬಿದ ಮಹಶೀರ್. ನದಿತೀರದ ಜನರ ಬಿಳಿಮೀನು.

1972ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಮುಂದೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳಗಾರರಿಗಾಗಿ ಶಿಬಿರಗಳು ಎದ್ದವು. ಹಿಡಿದ ಮೀನನ್ನು ಜೀವಂತವಾಗಿ ಹೊಳೆಗೇ ಬಿಡಬೇಕೆಂಬುದು ಅಲ್ಲಿಯ ನಿಯಮ.

ಅತಿಥಿಗಳ ಜತೆಗೆ ಮಾರ್ಗದರ್ಶಕನೊಬ್ಬ ಇರುತ್ತಿದ್ದನು. ಸ್ಕಾಟ್ಲೆಂಡಿನ ಸಾಲ್ಮನ್ ನದಿಗಳಲ್ಲಿ ಇಂಥವನಿಗೆ ಗಿಲ್ಲಿ ಎಂದು ಹೆಸರು. ಆ ಹೆಸರೇ ಕಾವೇರಿಗೂ ಬಂದಿತು. ಇವರು ಸುತ್ತಲ ಹಳ್ಳಿಗಳವರು. ಹಿಂದೆ ಹೊಳೆಗೆ ಸಿಡಿಮದ್ದು ಎಸೆದು ಮೀನು ಕೊಂದವರೂ ಇವರಲ್ಲಿದ್ದರು. ಮೀನಿನ ಅಡಗುದಾಣವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ರಾಗಿಹಿಟ್ಟನ್ನು ನಾದಿ, ಬೇಯಿಸಿ, ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುವುದು ಮಾರ್ಗದರ್ಶಕನ ಕೆಲಸ. ಪರದೇಶದ ಬೆಲೆಬಾಳುವ ಗಾಳದ ಕೋಲಿನ ತುದಿಗೆ ನಮ್ಮ ಮುದ್ದೆಯೇ ಎರೆಯಾದದ್ದು ಸೋಜಿಗವಲ್ಲವೇ? ಬಳಿಕ ಗಂಟೆಗಟ್ಟಲೆ ಕಾಯಬೇಕು. ಮೀನು ಕಚ್ಚಿದೊಡನೆ ಸೆಳವಿನ ಕಡೆಗೆ ಧಾವಿಸುತ್ತದೆ. ಹುರಿಯು ಸುರುಳಿಯಿಂದ ಕಿರುಗುಟ್ಟುತ್ತ ಬಿಚ್ಚಿಕೊಳ್ಳುತ್ತದೆ. ಬಂಡೆಗೆ ಹುರಿ ಸಿಕ್ಕಿದರೆ ಮಾರ್ಗದರ್ಶಕನು ಹರಿಗೋಲಿನಲ್ಲಿ ಹೋಗಿ, ಇಲ್ಲವೆ ನೀರಿಗೇ ಇಳಿದು ಬಿಡಿಸಬೇಕು. ದಣಿದ ಮೀನನ್ನು ನೀರಿನಲ್ಲಿಯೇ ಹಿಡಿದು ಸುಧಾರಿಸಿಕೊಳ್ಳಲು ಬಿಟ್ಟು, ತೂಗಿ, ಲೆಕ್ಕ ಬರೆದು, ಮರಳಿ ಹೊಳೆಗೆ ಬಿಡುತ್ತಿದ್ದರು.

ಹೀಗೆ ಬರೆದ ಲೆಕ್ಕವೇ ಮುಂದೆ ದೊಡ್ಡ ಸಾಕ್ಷಿಯಾಯಿತು. 1998ರಿಂದ 2012ರವರೆಗಿನ ಗಾಳಿಬೋರೆಯ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮೀನುಗಳ ವಿವರವಿದ್ದಿತು. ಮೊತ್ತವನ್ನು ಮಾತ್ರ ನೋಡಿದರೆ ಮಹಶೀರ್ ಹೆಚ್ಚುತ್ತಲೇ ಇತ್ತು. ಜಾತಿಯನ್ನು ಬೇರ್ಪಡಿಸಿ ನೋಡಿದಾಗ ಕಂಡ ಚಿತ್ರವೇ ಬೇರೆ. ಹೆಚ್ಚಿದ್ದು ನೀಲಿರೆಕ್ಕೆಯ ಮಹಶೀರ್; ಬಿಳಿಮೀನು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿದ್ದಿತು. ಸಿಕ್ಕ ಕೆಲವು ಬಿಳಿಮೀನುಗಳೂ ಬಹುಪಾಲು ದೊಡ್ಡವು, ಎಳೆಯವು ವಿರಳ. ಮನೆಯಲ್ಲಿ ಮುದುಕರೇ ಉಳಿದು ಮಕ್ಕಳಿಲ್ಲದಂತೆ.

ನೀಲಿರೆಕ್ಕೆಯದು ಕಾವೇರಿಯ ಮೂಲನಿವಾಸಿಯಲ್ಲ. ಮಹಾರಾಷ್ಟ್ರದ ಲೋಣಾವಳದಲ್ಲಿ ಕೃತಕವಾಗಿ ಮರಿಮಾಡಿಸಿದ ಈ ಜಾತಿಯನ್ನು 1970ರ ದಶಕದಿಂದ ಇಲ್ಲಿಗೆ ತಂದು ಬಿಡಲಾಗಿದ್ದಿತು. ಮಹಶೀರ್ ಸಂತತಿಯನ್ನು ವೃದ್ಧಿಗೊಳಿಸುವ ಸದುದ್ದೇಶವೇ ಅದರ ಹಿಂದಿದ್ದುದು. ಎಲ್ಲ ಮಹಶೀರ್‌ಗಳೂ ಒಂದೇ ಎಂದು ಭಾವಿಸಿದುದು ಮಾತ್ರ ತಪ್ಪಾಯಿತು. ಅಣೆಕಟ್ಟು, ಸಿಡಿಮದ್ದುಗಳ ಹಾನಿಯೊಂದಿಗೆ ಹೊಸಬರ ಪೈಪೋಟಿಯೂ ಬಿಳಿಮೀನಿಗೆ ಮುಳುವಾಯಿತೆಂದು ತಜ್ಞರು ಶಂಕಿಸುತ್ತಾರೆ.

ಈ ನಡುವೆ ಅಭಯಾರಣ್ಯದೊಳಗೆ ಗಾಳದ ಕ್ರೀಡೆಯು ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂಬ ವಾದ ಬಲವಾಗಿ, 2012ರ ವೇಳೆಗೆ ಅದು ನಿಂತಿತು. ಕಾಡಿನ ಪ್ರಾಣಿಯನ್ನು ಆಟಕ್ಕಾಗಿ ನೋಯಿಸಬಾರದೆಂಬ ಮಾತನ್ನು ತಳ್ಳಿಹಾಕಲಾಗದು. ಆದರೆ ಮಾರ್ಗದರ್ಶಕರು ಜೀವನೋಪಾಯ ಕಳೆದುಕೊಂಡರು. ಲೆಕ್ಕದ ಪುಸ್ತಕವೂ ಮುಚ್ಚಿತು.

ಅಷ್ಟು ಪ್ರಸಿದ್ಧವಾದ ಬಿಳಿಮೀನಿಗೆ ಅಲ್ಲಿಯವರೆಗೆ ಖಚಿತವಾದ ಶಾಸ್ತ್ರೀಯ ನಾಮಧೇಯವೇ ಇರಲಿಲ್ಲ. ಕಾವೇರಿಯ ಸೀಮೆಗೇ ಸೇರಿದ ಮೋಯಾರ್ ನದಿಯಲ್ಲಿ ದೊರೆತ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ನದಿಯಿಂದ ಮೊದಲು ವರ್ಣಿತವಾಗಿದ್ದ 'ಟಾರ್ ರೆಮಾದೇವಿ'ಯೇ ಇದೆಂದು 2018ರಲ್ಲಿ ನಿರ್ಧರಿಸಿದರು. ಅದೇ ವರ್ಷ ಅದರ ಹೆಸರು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.