ಬಾದಾಮಿಯಿಂದ ಇಳಕಲ್‌ವರೆಗೆ: ಎಣ್ಣೆ ಬೇಯುವ ಲೆಕ್ಕ

ಭಾರತದ 26 ಸೆಡಿಮೆಂಟರಿ ಬೇಸಿನ್‌ಗಳ ಪಟ್ಟಿಯಲ್ಲಿ ‘ಭೀಮಾ–ಕಲಾದಗಿ’ ಕೂಡ ಇದೆ. ಬಾಗಲಕೋಟೆ, ಬಾದಾಮಿ ಸುತ್ತಲಿನ ಕಲ್ಲು ಇದಕ್ಕೇ ಸೇರಿದ್ದು. ಹಾಗಾದ್ರೆ ಇಲ್ಲಿ ನೆಲದಡಿ ಎಣ್ಣೆ ಇದ್ಯಾ? ಉತ್ತರ ಬೇಕಾದರೆ ಮೊದಲು ಶಾಖದ ಲೆಕ್ಕ ತಿಳಿಯಬೇಕು.

ಸಮುದ್ರದ ತಳದಲ್ಲಿ ಸತ್ತ ಸೂಕ್ಷ್ಮಜೀವಿಗಳು ಕೆಸರಿನಲ್ಲಿ ಹೂತು ‘ಕೆರೋಜೆನ್’ ಆಗುತ್ತವೆ. ಅದು ಸುಮಾರು 60–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆದು ಎಣ್ಣೆ ಆಗುತ್ತೆ. ಅದಕ್ಕೂ ಮೇಲೆ, ಸುಮಾರು 200ರವರೆಗೆ, ಎಣ್ಣೆಯೂ ಒಡೆದು ಗ್ಯಾಸ್ ಆಗುತ್ತೆ. ಹಂಚಿನ ಮೇಲಿನ ರೊಟ್ಟಿ ಇದ್ದ ಹಾಗೆ: ಹಸಿ, ಹದ, ಕರಕಲು. ಕರಕಲಾದದ್ದು ಮತ್ತೆ ಹದಕ್ಕೆ ಬರಲ್ಲ. ಶಾಖದ ಜೊತೆ ಸಮಯವೂ ಮುಖ್ಯ. 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ಈ ಬೆಂದ ಮಟ್ಟವೇ ‘ಮೆಚ್ಯೂರಿಟಿ’.

ಈಗ ಲೆಕ್ಕ. ನೆಲದ ಮೇಲೆ 28 ಡಿಗ್ರಿ, ಪ್ರತಿ ಕಿ.ಮೀ. ಆಳಕ್ಕೆ 25 ಡಿಗ್ರಿ ಏರಿಕೆ ಅಂತ ಹಿಡಿಯೋಣ. 60 ಡಿಗ್ರಿ ಸಿಗೋದು 1.3 ಕಿ.ಮೀ.ನಲ್ಲಿ, 120 ಡಿಗ್ರಿ 3.7 ಕಿ.ಮೀ.ನಲ್ಲಿ. ಕಲಾದಗಿಯ ಪದರಗಳ ಒಟ್ಟು ದಪ್ಪ ಸುಮಾರು 4 ಕಿ.ಮೀ. ಅಂದ್ರೆ ತಳದ ಪದರ ಗ್ಯಾಸ್ ಹಂತ ಮುಟ್ಟಿರಬಹುದು. ಆದರೆ ಪದರಗಳು ಮಡಿಚಿ, ಸವೆದು ಹೋಗಿವೆ. ಆದ್ದರಿಂದ ಇಂದಿನ ಆಳ ಸಾಲದು. ಹಿಂದೆ ಎಷ್ಟು ಆಳಕ್ಕೆ ಇಳಿದಿತ್ತು ಅನ್ನೋದೇ ಮುಖ್ಯ.

ಇದನ್ನೇ ಜಿಲ್ಲೆಯ ಮೇಲೆ ಇಟ್ಟು ನೋಡಿ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಕೆರೋಜೆನ್ ಉಳಿಯೋದು ಕಷ್ಟ, ಆ ಕೆಂಪು ಕಬ್ಬಿಣದ ಆಕ್ಸೈಡ್‌ನದು. ಬೇರೆಡೆ ಹುಟ್ಟಿದ ಎಣ್ಣೆಗೆ ಇಂಥ ಕಲ್ಲು ಉಗ್ರಾಣ ಆಗಬಹುದು. ಬಾಗಲಕೋಟೆ ಕಡೆ ಸುಣ್ಣದ ಕಲ್ಲಿನ ಜೊತೆ ಶೇಲ್ ಇದೆ. ಹುಟ್ಟುವ ಜಾಗ ಹುಡುಕೋದು ಅಲ್ಲೇ. ಹುನಗುಂದದ ಶಿಸ್ಟ್ ಗ್ಯಾಸ್ ಹಂತವನ್ನೂ ದಾಟಿ ರೂಪಾಂತರಗೊಂಡ ಕಲ್ಲು. ಇಳಕಲ್ಲಿನ ಗ್ರಾನೈಟ್ ಅಂತೂ ಕರಗಿದ ಶಿಲಾರಸ ಗಟ್ಟಿಯಾದದ್ದು. ಅದರಲ್ಲಿ ಕೆರೋಜೆನ್‌ನ ಮಾತೇ ಇಲ್ಲ.

ಇನ್ನೊಂದು ತೊಡಕು. ಮೆಚ್ಯೂರಿಟಿ ಅಳೆಯಲು ಮರಗಿಡದಿಂದ ಬಂದ ವಿಟ್ರಿನೈಟ್ ಕಣದ ಹೊಳಪು ನೋಡ್ತಾರೆ. ಬಾಗಲಕೋಟೆಯ ಪದರಗಳು ನೂರು ಕೋಟಿ ವರ್ಷಕ್ಕೂ ಹಳೆಯವು. ಆಗ ಭೂಮಿ ಮೇಲೆ ಮರಗಳೇ ಇರಲಿಲ್ಲ! ಹಾಗಾಗಿ ಘನ ಬಿಟುಮೆನ್‌ನ ಹೊಳಪು ಅಥವಾ ಶೇಲ್ ಪುಡಿಯನ್ನು ಲ್ಯಾಬಿನಲ್ಲಿ ಕಾಯಿಸುವ ರಾಕ್-ಇವಾಲ್ ಪರೀಕ್ಷೆ ಬೇಕು.

ಹಳೆಯದು ಅಂತ ಕೈಬಿಡಬೇಕಿಲ್ಲ. ಮಧ್ಯಪ್ರದೇಶದ ಹಟ್ಟಾದಲ್ಲಿ ಹಳೆಯ ವಿಂಧ್ಯ ಪದರಗಳಲ್ಲೇ ಒಎನ್‌ಜಿಸಿಗೆ ಗ್ಯಾಸ್ ಸಿಕ್ಕಿದೆ. ಆದರೆ ‘ಬೇಸಿನ್ ಇದೆ’ ಅಂದ ಮಾತ್ರಕ್ಕೆ ‘ಎಣ್ಣೆ ಇದೆ’ ಅಂತಲ್ಲ.

ನಿಮಗೊಂದು ಲೆಕ್ಕ: ಏರಿಕೆ 30 ಡಿಗ್ರಿ ಆದರೆ ಗ್ಯಾಸ್ ಹಂತ ಎಷ್ಟು ಆಳದಲ್ಲಿ ಶುರು?