ಅಡ್ವಾನ್ಸ್ ಕೊಡುವ ಮುಂಚೆ ನಲ್ಲಿ ತಿರುಗಿಸಿ ನೋಡು

ಮಗಳೇ,

ಹೊಸ ಮನೆಯ ಫೋಟೊಗಳು ಬಂದವು. ಬಾಲ್ಕನಿ ಚೆನ್ನಾಗಿದೆ, ಅಡುಗೆಮನೆಯ ಕಟ್ಟೆಯೂ ಅಗಲವಾಗಿದೆ. ಆದರೆ ಒಂದು ಫೋಟೊದಲ್ಲೂ ನಲ್ಲಿ ಇಲ್ಲ, ಸಂಪ್ ಇಲ್ಲ, ಮೀಟರ್ ಬೋರ್ಡ್ ಇಲ್ಲ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಎಂದೆಯಲ್ಲ, ಅದಕ್ಕೇ ಇವತ್ತೇ ಬರೆಯಲು ಕೂತೆ. ನಿನ್ನ ದೊಡ್ಡಪ್ಪನ ವರ್ಗಾವಣೆಯ ನೌಕರಿಯಲ್ಲಿ ಊರೂರು ಸುತ್ತಿ ಬಾಡಿಗೆ ಮನೆ ಮಾಡಿದವಳು ನಾನು. ಬಾಡಿಗೆಗೆ ಬರುವವರ ಮಾತಿಗೆ ಬೆಲೆ ಇರುವುದು ದುಡ್ಡು ಅವರ ಕೈಯಲ್ಲಿರುವ ತನಕ. ದುಡ್ಡು ಕೊಡುವ ಮುಂಚೆ ಕೇಳಿದ್ದು ಷರತ್ತು, ಕೊಟ್ಟ ಮೇಲೆ ಕೇಳಿದ್ದು ದೂರು. ದೂರು ಹೇಳುವವರನ್ನು ಯಾವ ಓನರೂ ಇಷ್ಟಪಡುವುದಿಲ್ಲ.

ಮೊದಲು ನೀರು. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬೆಟ್ಟ ಹತ್ತಿದ ಹಾಗೆ ಮೇಲೇರಿ ಬರಬೇಕು. ಅಲ್ಲಿ ಪಂಪು ನಿಂತರೆ ಇಲ್ಲಿ ನಿನ್ನ ಸಿಂಕು ಒಣಗುತ್ತದೆ. ಆದ್ದರಿಂದ 'ನೀರಿಗೇನೂ ತೊಂದರೆ ಇಲ್ಲಮ್ಮ' ಎಂಬ ಮಾತಿಗೆ ತಲೆಯಾಡಿಸಿ ಬರಬೇಡ. ಕಾವೇರಿ ಕನೆಕ್ಷನ್ ಇದೆಯೇ, ಬರೀ ಬೋರ್‌ವೆಲ್ಲೇ? ವಾರದಲ್ಲಿ ಯಾವ ಯಾವ ದಿನ ಬಿಡುತ್ತಾರೆ, ಎಷ್ಟು ಹೊತ್ತು? ಕಾವೇರಿಗೂ ಬೋರಿಗೂ ಸಂಪ್ ಬೇರೆ ಬೇರೆಯೇ, ಎರಡನ್ನೂ ಒಂದಕ್ಕೇ ಬಿಟ್ಟು ಬೆರೆಸಿದ್ದಾರೆಯೇ? ಸಂಪಿನ ಮುಚ್ಚಳ ತೆಗೆಸಿ ನೋಡು, ನಾಚಿಕೆ ಬೇಡ. ಬಚ್ಚಲಿನ ನಲ್ಲಿಯ ಬಾಯಿಗೆ, ಷವರಿನ ತೂತುಗಳಿಗೆ ಬಿಳಿ ಸುಣ್ಣದಂಥ ಕಟ್ಟು ಕೂತಿದ್ದರೆ ಅದು ಗಡಸು ನೀರು. ಗೀಸರಿನ ಕಾಯಿಲ್ ಬೇಗ ಹೋಗುತ್ತದೆ, ಬೇಳೆ ಬೇಯಲು ಸತಾಯಿಸುತ್ತದೆ. ಅಡುಗೆಮನೆ, ಬಚ್ಚಲು ಎರಡು ಕಡೆಯೂ ನಲ್ಲಿಯನ್ನು ಒಟ್ಟಿಗೇ ತಿರುಗಿಸು. ಒಂದರ ಧಾರೆ ಸಣ್ಣಗಾದರೆ ಮೇಲಿನ ಟ್ಯಾಂಕಿನಿಂದ ಒತ್ತಡ ಸಾಲದು ಎಂದರ್ಥ.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ದುಡ್ಡು ಯಾರದು? 2024ರ ಬೇಸಿಗೆ ನೆನಪಿದೆಯಲ್ಲ. ಬೋರ್‌ವೆಲ್ಲುಗಳು ಒಣಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಬೇಕಾಯಿತು. ಟ್ಯಾಂಕರಿನವರ ದರಕ್ಕೆ ಕಡಿವಾಣ ಹಾಕಲು ಜಿಲ್ಲಾಡಳಿತವೇ ಇಳಿಯಿತು. ಆಮೇಲೆ ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಹೊರವಲಯದ 110 ಹಳ್ಳಿಗಳ ಕಡೆಗೂ ನೀರು ಹೊರಟಿತು, ನಿಜ. ಆದರೆ ನಿನ್ನ ಬೀದಿಗೆ ಪೈಪು ಬಂದಿರುವುದು ಬೇರೆ, ನಿನ್ನ ಓನರ್ ದುಡ್ಡು ಕಟ್ಟಿ ಕನೆಕ್ಷನ್ ತೆಗೆದುಕೊಂಡಿರುವುದು ಬೇರೆ. ಇದನ್ನು ಓನರನ್ನಲ್ಲ, ಕೆಳಗಿನ ಮನೆಯವರನ್ನು ಕೇಳು. ಬಾಗಿಲಲ್ಲಿ ನಿಂತು 'ನೀರು ಹೇಗಮ್ಮ ಇಲ್ಲಿ?' ಎಂದರೆ ಸಾಕು, ಬ್ರೋಕರ್ ಹೇಳದ ಚರಿತ್ರೆಯೆಲ್ಲ ಹೊರಗೆ ಬರುತ್ತದೆ.

ಕರೆಂಟಿನ ವಿಷಯ ಇಷ್ಟು ಉದ್ದವಿಲ್ಲ. ನಿಮ್ಮ ಮನೆಗೆ ಸ್ವಂತ ಮೀಟರ್ ಇದೆಯೇ, ಓನರ್ ಹಾಕಿಸಿದ ಸಬ್ ಮೀಟರ್ ಇದೆಯೇ ನೋಡು. ಸಬ್ ಮೀಟರ್ ಆದರೆ ಯೂನಿಟ್ಟಿಗೆ ಅವರು ಹೇಳಿದ್ದೇ ದರ. ಹಿಂದಿನ ತಿಂಗಳ ಬಿಲ್ ಕೇಳಿ ಬಾಕಿ ಎಷ್ಟಿದೆ ನೋಡಿಕೋ. ಗೃಹಜ್ಯೋತಿ ಬಾಡಿಗೆಯವರಿಗೂ ಉಂಟು, 200 ಯೂನಿಟ್ಟಿನ ಒಳಗೆ. ಆದರೆ ಈಗಿನ ಮನೆಯ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಿದ್ದೀರಲ್ಲ, ಬಿಡುವಾಗ ಅದನ್ನು ಸೇವಾಸಿಂಧುವಿನಲ್ಲಿ ಬಿಡಿಸಿಯೇ ಬರಬೇಕು. ಇಲ್ಲದಿದ್ದರೆ ಹೊಸ ಮನೆಗೆ ಅರ್ಜಿ ಹಾಕಿದಾಗ ತಕರಾರು ಬರುತ್ತದೆ, ಹಳೆಯ ಮನೆಗೆ ಬರುವವರಿಗೂ ಕಷ್ಟ.

ಈಗ ದುಡ್ಡು. ಹತ್ತು ತಿಂಗಳ ಅಡ್ವಾನ್ಸ್ ಎಂದರಂತೆ. ಊರಿನ ಹಳೆ ಪದ್ಧತಿ, ಯಾವ ಕಾನೂನಿನಲ್ಲೂ ಹಾಗೆ ಬರೆದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿನ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎಂದಿದೆ. ಆದರೆ ಮಾದರಿ ಕಾಯ್ದೆ ರಾಜ್ಯ ತನ್ನದಾಗಿಸಿಕೊಳ್ಳುವ ತನಕ ಬರೀ ಮಾದರಿ, ಅದನ್ನು ತೋರಿಸಿ ಜಗಳಕ್ಕೆ ನಿಲ್ಲಬೇಡ. ಐದಕ್ಕೋ ಆರಕ್ಕೋ ಇಳಿಸಿ ಎಂದು ಕೇಳು. ಮನೆ ಖಾಲಿ ಬಿದ್ದು ತಿಂಗಳಾಗಿದ್ದರೆ ಇಳಿಯುತ್ತಾರೆ. ಗೋಡೆಯ ಮೇಲಿನ 'ಟು ಲೆಟ್' ಬೋರ್ಡಿನ ಬಣ್ಣ ಮಾಸಿದೆಯೋ ಹೊಸದೋ ನೋಡಿದರೇ ಗೊತ್ತಾಗುತ್ತದೆ. ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡು. ಮನೆ ತೋರಿಸಿದವರೇ ಓನರಾ, ತಮ್ಮನಾ, ಭಾವಮೈದನಾ ಎಂಬುದನ್ನು ತೆರಿಗೆ ರಸೀದಿ ನೋಡಿ ಖಾತ್ರಿಮಾಡಿಕೋ.

ಕರಾರು 11 ತಿಂಗಳಿಗೆ ಇರುತ್ತದೆ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಆ ಖರ್ಚು ತಪ್ಪಿಸಲು ಈ ಲೆಕ್ಕ. ಅದರಲ್ಲಿ ತಪ್ಪಿಲ್ಲ. ಆದರೆ ಓದದೆ ಸಹಿ ಹಾಕಬೇಡಿ. ಪ್ರತಿ ವರ್ಷ ಬಾಡಿಗೆ ಎಷ್ಟು ಏರುತ್ತದೆ, ಬಿಡುವಾಗ ಎಷ್ಟು ಮುಂಚೆ ಹೇಳಬೇಕು, ಪೇಂಟಿಂಗಿಗೆಂದು ಎಷ್ಟು ಹಿಡಿಯುತ್ತಾರೆ, ಉಳಿದ ಅಡ್ವಾನ್ಸ್ ಕೀ ಕೊಟ್ಟ ದಿನವೇ ಕೊಡುತ್ತಾರೋ 'ಇನ್ನೊಬ್ಬರು ಬಂದ ಮೇಲೆ' ಎನ್ನುತ್ತಾರೋ, ಇಷ್ಟೂ ಅಕ್ಷರದಲ್ಲಿ ಇರಲಿ. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗಿಗೆ ಹಿಡಿಯುವುದು ಇಲ್ಲಿ ವಾಡಿಕೆ. ಅದರ ಮೇಲೆ 'ಕ್ಲೀನಿಂಗ್', 'ಪ್ಲಂಬಿಂಗ್' ಎಂದು ಪಟ್ಟಿ ಬೆಳೆಸುವವರೂ ಇದ್ದಾರೆ. ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ಮೂಲೆಮೂಲೆಯ ವಿಡಿಯೊ ಮಾಡಿ, ಒಡೆದ ಟೈಲು, ನೀರು ಸೋರಿದ ಕಲೆ ಎಲ್ಲ ಕಾಣುವ ಹಾಗೆ, ಓನರಿಗೆ ವಾಟ್ಸಾಪಿನಲ್ಲಿ ಕಳಿಸು. ತಾರೀಖು ತಾನಾಗಿಯೇ ಉಳಿಯುತ್ತದೆ. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರುವುದರಿಂದ ಅಳಿಯಂದಿರಿಗೆ ಆಫೀಸಿನಲ್ಲಿ ಬಾಡಿಗೆಯ ತೆರಿಗೆ ವಿನಾಯಿತಿಗೆ ಓನರಿನ ಪ್ಯಾನ್ ನಂಬರ್ ಬೇಕು. ಅದನ್ನೂ ಈಗಲೇ ಕೇಳಿ. ಮಾರ್ಚಿನಲ್ಲಿ ಕೇಳಿದರೆ ಎಷ್ಟೋ ಓನರುಗಳು ಫೋನೇ ಎತ್ತುವುದಿಲ್ಲ.

ನಿನ್ನ ನಾದಿನಿ ಯಾರೋ 'ಭೋಗ್ಯಕ್ಕೆ ಹಾಕಿಕೊಳ್ಳಿ, ಬಾಡಿಗೆಯೇ ಇಲ್ಲ' ಎಂದರಂತಲ್ಲ. ಕೇಳಲು ಸಿಹಿ. ಲಕ್ಷಾಂತರ ರೂಪಾಯಿ ಒಟ್ಟಿಗೆ ಕೊಟ್ಟು ಕೂರುವುದು, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುವುದು. ಆದರೆ ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದ್ದು ಕಂತು ನಿಂತರೆ, ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುವ ದಿನ ನಿನ್ನ ದುಡ್ಡು ಎಲ್ಲಿ ಎಂದು ಯಾರನ್ನು ಕೇಳುತ್ತೀ? ಋಣಭಾರ ಪತ್ರ ತೆಗೆಸಿ ನೋಡದೆ, ಕರಾರು ನೋಂದಾಯಿಸದೆ ಭೋಗ್ಯದ ಮಾತೇ ಬೇಡ. ನನ್ನ ಮನಸ್ಸು ಕೇಳಿದರೆ, ಈ ವಯಸ್ಸಿನಲ್ಲಿ ನಿಮಗೆ ಅದು ಬೇಡವೇ ಬೇಡ.

ಇನ್ನು ಸಾಮಾನು ಸಾಗಿಸುವುದು. ಲಾರಿಯವರ ಹತ್ತಿರ ಮಾತಾಡುವಾಗ ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಮನೆ ಬಾಗಿಲ ತನಕ ಗಾಡಿ ಬರುತ್ತದೆಯೇ ಎಂಬುದನ್ನೆಲ್ಲ ಹೇಳಿ, ಹತ್ತಿಸುವ ಇಳಿಸುವ ಕೂಲಿ ಸೇರಿಸಿಯೇ ರೇಟು ಬರೆಸಿಕೋ. ಪುಸ್ತಕಗಳನ್ನು ಸಣ್ಣ ಡಬ್ಬಗಳಲ್ಲಿ ತುಂಬು. ದೊಡ್ಡದರಲ್ಲಿ ತುಂಬಿದರೆ ತಳ ಕಿತ್ತು ಬರುತ್ತದೆ. ಗಾಜು, ಪಿಂಗಾಣಿಗೆ ಪ್ಲಾಸ್ಟಿಕ್ ಕೊಳ್ಳಬೇಡ, ಹಳೆ ಹತ್ತಿ ಸೀರೆ, ಪಂಚೆ ಸುತ್ತು. ಅವೂ ಹೇಗೂ ಹೋಗಲೇಬೇಕಲ್ಲ. ಡಬ್ಬದ ಮೇಲೆ ಒಳಗೇನಿದೆ ಎನ್ನುವುದಕ್ಕಿಂತ ಯಾವ ಕೋಣೆಗೆ ಎಂದು ದಪ್ಪಕ್ಷರದಲ್ಲಿ ಬರೆ, ಹುಡುಗರು ನೇರ ಅಲ್ಲೇ ಇಳಿಸುತ್ತಾರೆ. ಫ್ರಿಜ್ಜನ್ನು ಹಿಂದಿನ ದಿನವೇ ಖಾಲಿ ಮಾಡಿ ಒರೆಸಿಡು, ನಿಲ್ಲಿಸಿಯೇ ಸಾಗಿಸಲಿ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಮೇಲೇರುತ್ತದೆ, ಆಗ ಹೊಸ ಮನೆಯಲ್ಲಿ ಕೆಲವು ಗಂಟೆ ನಿಲ್ಲಿಸಿಟ್ಟ ಮೇಲೇ ಸ್ವಿಚ್ ಹಾಕಬೇಕು. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನಿನ ಹಿಂದೆ ಬಿಗಿಯುವ ಬೋಲ್ಟುಗಳು ಬಂದಿದ್ದವು, ಅವನ್ನು ಎಲ್ಲಿ ಇಟ್ಟಿದ್ದೀರೋ ಈಗಲೇ ಹುಡುಕು. ಒಡವೆ, ಸರ್ಟಿಫಿಕೇಟು, ಔಷಧಿ ಲಾರಿಗೆ ಹತ್ತಬಾರದು. ಒಂದು ಚೀಲದಲ್ಲಿ ಪೊರಕೆ, ಬಕೆಟ್ಟು, ಚೊಂಬು, ಚಾಪೆ, ಬಲ್ಬು, ಸುತ್ತಿಗೆ, ಕಾಫಿಪುಡಿ, ಫಿಲ್ಟರು ಇಟ್ಟುಕೋ. ಮೊದಲ ರಾತ್ರಿಗೆ ಅಷ್ಟು ಸಾಕು.

ಗ್ಯಾಸಿನ ಸಿಲಿಂಡರಿಗೆ ಮುಚ್ಚಳ ಹಾಕಿ, ನಿಲ್ಲಿಸಿ ತನ್ನಿ. ಊರು ಒಂದೇ ಆದ್ದರಿಂದ ಏಜೆನ್ಸಿಯಲ್ಲಿ ವಿಳಾಸ ಬದಲಿಸಿದರೆ ಆಯಿತು, ಹೊಸ ಬಡಾವಣೆಗೆ ಬೇರೆ ಏಜೆನ್ಸಿಯಾದರೆ ಅವರೇ ವರ್ಗ ಮಾಡಿಕೊಡುತ್ತಾರೆ. ರಬ್ಬರ್ ಪೈಪಿನ ಮೇಲಿನ ವರ್ಷ ಓದು. ಐದು ವರ್ಷ ದಾಟಿದ್ದರೆ ಇದೇ ನೆಪದಲ್ಲಿ ಬದಲಿಸು. ಮತ್ತೆ, ಆ ಮನೆಯ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಬಾಗಿಲು ಕಿಟಕಿ ಮುಚ್ಚಿ ಸ್ನಾನ ಮಾಡುವುದು ಸಾವಿಗೆ ದಾರಿ. ಅದರಿಂದ ಬರುವ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗೀಸರನ್ನು ಹೊರಗೆ ಹಾಕಿಸಿಕೊಡಲು ಹೇಳು. ಒಪ್ಪದಿದ್ದರೆ ಕರೆಂಟ್ ಗೀಸರ್ ನೀವೇ ತನ್ನಿ. ಇದರಲ್ಲಿ ಮಾತ್ರ ಹೊಂದಾಣಿಕೆ ಬೇಡ.

ಹೋದ ಮೇಲೆ ಇರುವ ರೀತಿ ನಿನಗೆ ಗೊತ್ತೇ ಇದೆ, ಎರಡೇ ಮಾತು ಹೇಳುತ್ತೇನೆ. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಮೊದಲ ದಿನದಿಂದಲೇ ಬೇರೆ ಇಡು, ಕಸದ ಆಟೊ ಬರುವ ಹೊತ್ತು ಪಕ್ಕದವರನ್ನು ಕೇಳಿಕೋ. ಗೋಡೆಗೆ ಡ್ರಿಲ್ ಹಾಕುವ ಮುಂಚೆ ಓನರನ್ನು ಕೇಳು, ಬೆಳಗ್ಗೆ ಐದಕ್ಕೆ ಮಿಕ್ಸಿ ಹಾಕಬೇಡ, ಕೆಳಗಿನವರಿಗೆ ಅದು ತಲೆಯ ಮೇಲೇ ಓಡುತ್ತದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ಫಾರಂ 8 ಸಾಕು, ಇಬ್ಬರೂ ಒಟ್ಟಿಗೇ ತುಂಬಿಬಿಡಿ.

ಆಷಾಢ ಹತ್ತಿರ ಬಂತು, ನಿಮ್ಮ ಅತ್ತೆಯವರು ಒಪ್ಪುವುದಿಲ್ಲ ಎಂದು ಅಳಿಯಂದಿರು ಪೇಚಾಡುತ್ತಿದ್ದಾರಂತೆ. ನನಗೆ ಆ ಹಠ ಇಲ್ಲ, ಆದರೆ ಹಿರಿಯರ ಮನಸ್ಸು ನೋಯಿಸುವುದೂ ಬೇಡ. ಜ್ಯೇಷ್ಠ ಮುಗಿಯುವುದರೊಳಗೆ ಒಂದು ಒಳ್ಳೆಯ ದಿನ ನೋಡಿ ದೇವರ ಫೋಟೊ, ಉಪ್ಪು, ಅಕ್ಕಿ, ಬೇಳೆ ಒಯ್ದು ಹಾಲುಕ್ಕಿಸಿಬಿಡಿ. ಸಾಮಾನು ಆಮೇಲೆ ನಿಧಾನವಾಗಿ ಬರಲಿ. ಬಾಡಿಗೆಯನ್ನು ಮಾತ್ರ ಸಾಮಾನು ಬಂದ ತಾರೀಖಿನಿಂದ ಹಿಡಿಯಲು ಓನರಿಗೆ ಈಗಲೇ ಹೇಳಿರು. ದಿನ ಗೊತ್ತಾದ ಕೂಡಲೇ ಫೋನ್ ಮಾಡು, ಹಿಂದಿನ ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಆ ದಿನ ಅಡುಗೆಯ ಗೊಡವೆ ಬೇಡ, ಊಟಕ್ಕೆ ಹೋಟೆಲಿನಿಂದ ತರಿಸಿ.

ನಿನ್ನ ದೊಡ್ಡಮ್ಮ