ವಿಳಾಸಶುದ್ಧಿ

ಹುಬ್ಬಳ್ಳಿಯ ದುರ್ಗದಬೈಲ್ ಎಂಬ ಹೆಸರು ಎರಡು ಪದಗಳ ಕೂಡಿಕೆ. ದುರ್ಗವೆಂದರೆ ಕೋಟೆ. ಬಯಲು ಎಂಬ ಪದವು ಜನರ ನಾಲಗೆಯ ಮೇಲೆ ಬೈಲು ಎಂದಾಗಿ, ಅಂಗಡಿಗಳ ಫಲಕಗಳಲ್ಲಿ ಬೈಲ್ ಎಂದು ನಿಂತಿದೆ. ಲಕೋಟೆಯ ಮೇಲೆ ಇವುಗಳಲ್ಲಿ ಯಾವ ರೂಪವನ್ನು ಬರೆದರೂ ಅಂಚೆಯವನು ದಾರಿ ತಪ್ಪುವುದಿಲ್ಲ. ಊರಿನ ಹೆಸರಿನ ಅಕ್ಷರ ಕೆಟ್ಟಿದ್ದರೂ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ಕೋಡ್ ಅವನಿಗೆ ನೆರವಾಗುತ್ತದೆ. ಅವನು ಅಕ್ಷರವನ್ನಷ್ಟೇ ಅಲ್ಲ, ಅಭಿಪ್ರಾಯವನ್ನೂ ಓದಬಲ್ಲನು.

ಇ-ಮೇಲ್‌ಗೆ ಈ ದಾಕ್ಷಿಣ್ಯವಿಲ್ಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅವರು ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ‘ಅಟ್’ ಚಿಹ್ನೆಯಿಂದ ಬೇರ್ಪಡಿಸಿ ವಿಳಾಸ ಬರೆಯುವ ಕ್ರಮವನ್ನು ತಂದರು. ಆ ವಿಳಾಸದಲ್ಲಿ ಒಂದಕ್ಷರ ಪಲ್ಲಟವಾದರೂ ಪತ್ರವು ಅನ್ಯರ ಪಾಲಾಗಬಹುದು. 2014ರ ನವೆಂಬರ್ 1ರಂದು ನಗರದ ಇಂಗ್ಲಿಷ್ ಹೆಸರು ‘ಹುಬ್ಲಿ’ ಹೋಗಿ ‘ಹುಬ್ಬಳ್ಳಿ’ ಎಂದಾಯಿತು. ಆದರೆ ಹಳೆಯ ಕಾಗುಣಿತದಲ್ಲಿ ಪಡೆದ ಇ-ಮೇಲ್ ವಿಳಾಸಗಳು ಅದರಿಂದ ತಾವಾಗಿಯೇ ಬದಲಾಗಲಿಲ್ಲ.

ತೊಡಕು ಹುಟ್ಟುವುದು ಇಲ್ಲಿಯೇ. ಹೆಸರಿನ ಎರಡು ಮೂರು ಅಕ್ಷರಗಳನ್ನು ಒತ್ತಿದೊಡನೆ ಇ-ಮೇಲ್ ತಂತ್ರಾಂಶವು ಪೂರ್ಣ ವಿಳಾಸವನ್ನು ಸೂಚಿಸುತ್ತದೆ. ಹಿಂದೆ ಬಳಸಿದುದೆಲ್ಲವನ್ನೂ ಅದು ನೆನಪಿನಲ್ಲಿರಿಸುತ್ತದೆ. ಅದರಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ದುರ್ಗದಬೈಲಿನ ಜವಳಿ ವರ್ತಕನೊಬ್ಬನು ಸಗಟು ವ್ಯಾಪಾರಿಯ ವಿಳಾಸವನ್ನು ಒಮ್ಮೆ ತಪ್ಪಾಗಿ ಬರೆದನೆಂದು ಭಾವಿಸಬಹುದು. ಅಂಥ ವಿಳಾಸವೇ ಇಲ್ಲದಿದ್ದರೆ ಪತ್ರವು ಸಾಮಾನ್ಯವಾಗಿ ಹಿಂದಿರುಗುತ್ತದೆ, ತಪ್ಪು ತಿಳಿಯುತ್ತದೆ. ಆ ವಿಳಾಸ ಬೇರೊಬ್ಬರದಾಗಿದ್ದರೆ ಪತ್ರವು ಹಿಂದಿರುಗದು. ಲೆಕ್ಕಪತ್ರವೂ ಬ್ಯಾಂಕಿನ ವಿವರವೂ ಅಪರಿಚಿತರ ಕೈ ಸೇರುತ್ತವೆ. ಇತ್ತ ವರ್ತಕನು ಉತ್ತರಕ್ಕಾಗಿ ಕಾಯುತ್ತಲೇ ಇರುತ್ತಾನೆ. ವಿದ್ಯಾರ್ಥಿವೇತನದ ಅರ್ಜಿಗೂ ಇದೇ ಗತಿಯಾದೀತು. ಹಿಂದಿರುಗಿದ ಪತ್ರಕ್ಕಿಂತ ಹಿಂದಿರುಗದ ಪತ್ರವೇ ಹೆಚ್ಚು ಅಪಾಯಕಾರಿ.

ಇದಕ್ಕೆ ಪರಿಹಾರ ಸುಲಭ; ಆದರೆ ತಪ್ಪಿನ ಮೂಲವನ್ನು ಅರಿತು ತಿದ್ದಬೇಕು. ಜಿಮೇಲ್‌ನಲ್ಲಿ, ಪತ್ರ ಕಳುಹಿಸಿದ ಹೊಸಬರ ವಿಳಾಸವು ‘ಇತರ ಸಂಪರ್ಕಗಳು’ ಎಂಬ ಪಟ್ಟಿಗೆ ತಾನಾಗಿ ಸೇರುತ್ತದೆ. ಗೂಗಲ್ ಸಂಪರ್ಕಪುಸ್ತಕವನ್ನು ತೆರೆದು, ಆ ಪಟ್ಟಿಯಲ್ಲಿ ತಪ್ಪು ವಿಳಾಸವನ್ನು ಹುಡುಕಿ ಅಳಿಸಬೇಕು. ಒಬ್ಬರ ಹೆಸರಿನಡಿ ಹಳೆಯದೂ ಹೊಸದೂ ಎರಡು ವಿಳಾಸಗಳಿದ್ದರೆ ಹಳೆಯದನ್ನು ಮಾತ್ರ ತೆಗೆಯಬೇಕು. ವಿಳಾಸಗಳು ತಾವಾಗಿ ಸೇರದಂತೆ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ತಡೆಯುವ ಅವಕಾಶವೂ ಉಂಟು. ಔಟ್‌ಲುಕ್‌ನಲ್ಲಿಯಾದರೋ ಸೂಚನೆಯ ಪಟ್ಟಿಯೇ ಬೇರೆ, ಸಂಪರ್ಕಗಳ ಪಟ್ಟಿಯೇ ಬೇರೆ. ಒಂದರಲ್ಲಿ ತಿದ್ದಿದ ಮಾತ್ರಕ್ಕೆ ಇನ್ನೊಂದು ಶುದ್ಧವಾಗದು. ಅಲ್ಲಿ ತಪ್ಪು ಸೂಚನೆ ಕಾಣಿಸಿದಾಗ ಅದರ ಬಲಕ್ಕಿರುವ ಗುಣಾಕಾರದಂಥ ಚಿಹ್ನೆಯನ್ನು ಒತ್ತಿ ತೆಗೆಯಬೇಕು.

ಅಳಿಸಿದ ಬಳಿಕ ಸರಿಯಾದ ವಿಳಾಸವನ್ನು ಸಂಬಂಧಪಟ್ಟವರಿಂದಲೇ ಕೇಳಿ ತಿಳಿದು, ಅಕ್ಷರಕ್ಕೆ ಅಕ್ಷರ ಹೋಲಿಸಿ ಬರೆದುಕೊಳ್ಳುವುದು ಯುಕ್ತ. ಕಳುಹಿಸುವ ಮುನ್ನ ಹೆಸರನ್ನಷ್ಟೇ ನೋಡಿದರೆ ಸಾಲದು. ಅದರ ಹಿಂದಿರುವ ಪೂರ್ಣ ವಿಳಾಸವನ್ನೂ ಓದಬೇಕು. ಜಿಮೇಲ್‌ನಲ್ಲಿ ಕಳುಹಿಸಿದ ಪತ್ರವನ್ನು ತಡೆಯಲು ಹೆಚ್ಚೆಂದರೆ 30 ಸೆಕೆಂಡುಗಳ ಅವಧಿ ದೊರೆಯುತ್ತದೆ. ಅದು ಮೀರಿದರೆ ಆಡಿದ ಮಾತಿನಂತೆ ಅದನ್ನು ಮರಳಿ ಪಡೆಯಲಾಗದು.

ಹಿಂದಿನ ಕಾಲದಲ್ಲಿ ಓಲೆಯನ್ನು ಪ್ರತಿ ಮಾಡುವವನು ಒಮ್ಮೆ ತಪ್ಪಿದರೆ, ಆ ಪ್ರತಿಯನ್ನು ನೋಡಿ ಬರೆದವರೆಲ್ಲರೂ ತಪ್ಪುತ್ತಿದ್ದರು. ತಿಳಿದವನೊಬ್ಬನು ತಿದ್ದುವವರೆಗೆ ಆ ತಪ್ಪೇ ಪಾಠವಾಗಿ ಉಳಿಯುತ್ತಿತ್ತು. ತಂತ್ರಾಂಶವೂ ಅಂಥ ಲಿಪಿಕಾರನೇ. ಅದಕ್ಕೆ ನೆನಪುಂಟು, ಅರಿವಿಲ್ಲ. ಅರಿವಿನ ಹೊಣೆ ಬರೆಯುವವನದೇ ಆಗಿದೆ.